ಡಫರಿನ್ ನೌಕೆಯ ವಿದ್ಯಾರ್ಥಿಗಳು

ಪಶ್ಚಿಮ ಸಮುದ್ರದ ನಮ್ಮ ಕರಾವಳಿಯಲ್ಲಿ ಹಡಗು ನಡೆಸುವ ವಿದ್ಯೆ ಎಂದೂ ಅಪರೂಪದ್ದಾಗಿರಲಿಲ್ಲ. ಮಂಗಳೂರು, ಭಟ್ಕಳ, ಹೊನ್ನಾವರ, ಕಾರವಾರಗಳ ಅಳಿವೆಗಳಿಂದ ಅಕ್ಕಿ, ಮೆಣಸು, ಹೆಂಚು, ಮರಮುಟ್ಟುಗಳನ್ನು ಹೇರಿಕೊಂಡು ಮುಂಬಯಿಯ ಕಡೆಗೂ ಅದರಾಚೆಗೂ ಹಾಯಿ ಬಿಚ್ಚುತ್ತಿದ್ದ ಪತ್ತೇಮಾರಿ ಮಂಜಿಗಳ ತಾಂಡೇಲರು, ನಕ್ಷತ್ರಗಳ ಉದಯಾಸ್ತಗಳನ್ನೂ ನೀರಿನ ಬಣ್ಣವನ್ನೂ ಗಾಳಿಯ ತಿರುವನ್ನೂ ನೋಡಿ ದಾರಿಯನ್ನರಿಯುವುದರಲ್ಲಿ ಯಾವ ದೇಶದ ನಾವಿಕನಿಗೂ ಕಡಮೆಯಾದವರಲ್ಲ. ಅವರ ವಿದ್ಯೆ ತಂದೆಯಿಂದ ಮಗನಿಗೆ, ಸೋದರಮಾವನಿಂದ ಅಳಿಯನಿಗೆ, ದೋಣಿಯ ಮೇಲೆಯೇ ದಾಟಿ ಬರುತ್ತಿದ್ದಿತೇ ಹೊರತು ಪುಸ್ತಕವನ್ನಾಗಲಿ ಪಾಠಶಾಲೆಯನ್ನಾಗಲಿ ಆಶ್ರಯಿಸಿದ್ದಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಾಯಿಯ ಹಡಗನ್ನು ಹಬೆಯ ಹಡಗು ಹಿಂದಕ್ಕೆ ತಳ್ಳಿ, 1869ರಲ್ಲಿ ತೆರೆದ ಸೂಯೆಜ್ ಕಾಲುವೆಯು ಆ ತಳ್ಳಾಟಕ್ಕೆ ಇನ್ನಷ್ಟು ವೇಗವನ್ನು ಕೊಟ್ಟ ಮೇಲೆ, ಕಡಲಿನ ಮೇಲಣ ಮೇಲುಕೀಳುಗಳ ವ್ಯವಸ್ಥೆಯೇ ಬೇರೆಯಾಯಿತು. ತನ್ನ ಮಂಜಿಯಲ್ಲಿ ತಾನೇ ಒಡೆಯನಾಗಿದ್ದವನ ಮಕ್ಕಳು ಕಬ್ಬಿಣದ ಹಡಗುಗಳಲ್ಲಿ ಖಲಾಸಿಗಳಾಗಿ, ಕಲ್ಲಿದ್ದಲು ತುಂಬುವವರಾಗಿ, ಅಡಿಗೆಯವರಾಗಿ ಸಂಬಳಕ್ಕೆ ನಿಂತರು. ಲಸ್ಕರರೆಂಬ ಒಂದೇ ಹೆಸರಿನ ಕೆಳಗೆ ಹಿಂದೂಸ್ಥಾನದ ಸಾವಿರಾರು ನಾವಿಕರು ಬ್ರಿಟಿಷ್ ಹಡಗುಗಳನ್ನು ಲೋಕದ ಎಲ್ಲ ಬಂದರುಗಳಿಗೂ ಒಯ್ದರು.

ಇವರಲ್ಲಿ ಸಾರಂಗನೆಂಬುವನಿಗೆ ಸಲ್ಲತಕ್ಕ ಮಾನ್ಯತೆ ದೊಡ್ಡದೇ ಆಗಿದ್ದಿತು. ಆಳುಗಳನ್ನು ಊರಿನಿಂದ ಕರೆತರುವವನು ಅವನು, ಕೆಲಸ ಹಂಚುವವನು ಅವನು, ತಂಟೆ ತಕರಾರುಗಳನ್ನು ತೀರಿಸುವವನೂ ಅವನೇ. ಆದರೆ ಅವನ ಅಧಿಕಾರಕ್ಕೆ ಒಂದು ಗೆರೆ ಎಳೆಯಲ್ಪಟ್ಟಿದ್ದಿತು. ಹಡಗಿನ ದಿಕ್ಕನ್ನು ನಿರ್ಣಯಿಸುವ ಎತ್ತರದ ಕಟ್ಟೆಗೆ ಅವನು ಹತ್ತುತ್ತಿದ್ದುದು ಅಪ್ಪಣೆಯನ್ನು ಪಡೆಯುವುದಕ್ಕೆ ಮಾತ್ರ, ಕೊಡುವುದಕ್ಕಲ್ಲ. ನಾಲ್ವತ್ತು ವರ್ಷ ಸಮುದ್ರದಲ್ಲಿ ಕಳೆದ ಸಾರಂಗನು, ನಿನ್ನೆ ಮೊನ್ನೆ ಲಿವರ್‌ಪೂಲಿನಿಂದ ಬಂದ ಇಪ್ಪತ್ತರ ತರುಣನೊಬ್ಬನ ಮಾತಿಗೆ ಕಾದು ನಿಲ್ಲಬೇಕಾಗಿದ್ದಿತು. ಇದಕ್ಕೆ ಕೊಡಲಾಗುತ್ತಿದ್ದ ಕಾರಣವೇನೆಂದರೆ, ಭಾರತೀಯನು ಹೇಳಿದ ಕೆಲಸವನ್ನು ಚೆನ್ನಾಗಿ ಮಾಡಬಲ್ಲನಾದರೂ ಹೇಳಿ ಮಾಡಿಸಬಲ್ಲವನಲ್ಲ, ಆಜ್ಞೆ ಮಾಡಿದ ಅನುಭವ ಅವನಿಗಿಲ್ಲ, ಎಂಬುದು. ಅನುಭವವೇಕಿಲ್ಲವೆಂದರೆ ಅವಕಾಶವಿಲ್ಲ, ಅವಕಾಶವೇಕಿಲ್ಲವೆಂದರೆ ಅನುಭವವಿಲ್ಲ. ಅಧಿಕಾರಿಯ ಯೋಗ್ಯತಾಪತ್ರವನ್ನು ಪಡೆಯಬೇಕಾದವನು ಮೊದಲು ಅಭ್ಯರ್ಥಿಯಾಗಿ, ಎಂದರೆ ಕೆಲಸ ಕಲಿಯುವವನಾಗಿ, ವರ್ಷಗಟ್ಟಲೆ ಹಡಗಿನಲ್ಲಿರಬೇಕೆಂಬುದು ನಿಯಮ. ಭಾರತದ ಹುಡುಗನನ್ನು ಅಂತಹ ಅಭ್ಯರ್ಥಿಯಾಗಿ ಸೇರಿಸಿಕೊಳ್ಳಲು ದೊಡ್ಡ ದೊಡ್ಡ ಹಡಗು ಕಂಪನಿಗಳು ಒಪ್ಪದಿದ್ದುದು ವಾಡಿಕೆ. ಕಾನೂನಿನಲ್ಲಿ ಎಲ್ಲಿಯೂ ನಿಷೇಧವಿಲ್ಲದೆ ನಿಷೇಧವು ಪೂರ್ಣವಾಗಿದ್ದಂತಹ ಚಕ್ರವ್ಯೂಹವಿದು. ಇದನ್ನು ಒಡೆದ ಸಂಸ್ಥೆಯೇ ಮುಂಬಯಿಯ ಬಂದರಿನಲ್ಲಿ ನಾಲ್ವತ್ತೈದು ವರ್ಷಗಳ ಕಾಲ ಲಂಗರು ಹಾಕಿ ನಿಂತಿದ್ದ ‘ಡಫರಿನ್’ ಎಂಬ ಶಿಕ್ಷಣನೌಕೆ.

ಹಡಗನ್ನೇ ಪಾಠಶಾಲೆಯನ್ನಾಗಿ ಮಾಡುವ ಪದ್ಧತಿ ಇಂಗ್ಲೆಂಡಿನದು. ಅಲ್ಲಿಯ ವ್ಯಾಪಾರದ ಹಡಗುಗಳ ಅಧಿಕಾರಿಗಳಲ್ಲಿ ಶಿಸ್ತೂ ಶಿಕ್ಷಣವೂ ಸಾಲದೆಂಬ ದೂರು ಬಲವಾದಾಗ, ಕೆಲಸದಿಂದ ನಿವೃತ್ತವಾದ ಹಳೆಯ ಯುದ್ಧನೌಕೆಗಳನ್ನು ನದಿಯಲ್ಲಿ ಕಟ್ಟಿನಿಲ್ಲಿಸಿ, ಹುಡುಗರನ್ನು ಅವುಗಳಲ್ಲಿಯೇ ಇರಿಸಿ ಓದಿಸುವ ಏರ್ಪಾಟಾಯಿತು. 1859ರಲ್ಲಿ ಲಿವರ್‌ಪೂಲಿನ ಮರ್ಸಿ ನದಿಯಲ್ಲಿ ‘ಕಾನ್ವೇ’, 1862ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ‘ವುಸ್ಟರ್’ ಹೀಗೆ ಹುಟ್ಟಿಕೊಂಡವು. ಮುಂದೆ ತ್ಸುಷಿಮಾದ ಕದನದಲ್ಲಿ ರಷ್ಯದ ನೌಕಾಬಲವನ್ನು ಮುಳುಗಿಸಿದ ಜಪಾನಿನ ತೋಗೋ ಹೆಯಿಹಾಚಿರೋ ತನ್ನ ಯೌವನದಲ್ಲಿ ‘ವುಸ್ಟರ್’ ನೌಕೆಯ ವಿದ್ಯಾರ್ಥಿಯಾಗಿದ್ದವನು. ಅಲ್ಲಿ ವಿಕ್ಟೋರಿಯಾ ರಾಣಿಯು ಸ್ಥಾಪಿಸಿದ ಚಿನ್ನದ ಪದಕವೊಂದಿದ್ದಿತು. ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆದವನಿಗೆ ಅದು ಸಲ್ಲತಕ್ಕುದಲ್ಲ, ವಿಧೇಯತೆಯೊಡನೆ ಸ್ವಾಭಿಮಾನವನ್ನೂ ದುರ್ಬಲರ ಮೇಲಣ ದಯೆಯನ್ನೂ ಸತ್ಯನಿಷ್ಠೆಯನ್ನೂ ತೋರಿದವನಿಗೆ ಸಲ್ಲತಕ್ಕುದೆಂಬುದು ಅದರ ನಿಬಂಧನೆ. ಅಂತಹವನು ಯಾರೆಂಬುದನ್ನು ಹೇಳುವುದರಲ್ಲಿ ಹುಡುಗರ ಮತಕ್ಕೂ ಪಾಲಿದ್ದಿತು. ನಾಯಕನನ್ನು ಅವನ ಗುರುಗಳಷ್ಟೇ ಅಲ್ಲ, ಅವನ ಜೊತೆಯವರೂ ಬಲ್ಲರು ಎಂಬ ತತ್ತ್ವವು ಇದರಲ್ಲಡಗಿದ್ದಿತು.

ಈ ಪದ್ಧತಿ ನಮ್ಮ ದೇಶಕ್ಕೆ ತಾನಾಗಿ ಬಂದುದಲ್ಲ, ಕೇಳಿ ಪಡೆದುದು. 1906ರಲ್ಲಿ ತೂತ್ತುಕುಡಿಯಲ್ಲಿ ವಿ. ಓ. ಚಿದಂಬರಂ ಪಿಳ್ಳೆಯವರು ಸ್ವದೇಶೀ ಹಡಗಿನ ಕಂಪನಿಯನ್ನು ಕಟ್ಟಿ ಕೊಲಂಬೊಗೆ ಹಡಗು ನಡೆಸಿದುದೂ, ಪ್ರತಿಸ್ಪರ್ಧಿಗಳ ದರಸಮರಕ್ಕೂ ಸರ್ಕಾರದ ಕೋಪಕ್ಕೂ ಸಿಕ್ಕಿ 1908ರಲ್ಲಿ ಸೆರೆಮನೆ ಸೇರಿದುದೂ ಪ್ರಸಿದ್ಧವಾದ ಕಥೆ. 1919ರಲ್ಲಿ ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿ, ಗ್ವಾಲಿಯರಿನ ಮಹಾರಾಜರಿಂದ ಕೊಂಡ ‘ಲಾಯಲ್ಟಿ’ ಎಂಬ ಹಡಗನ್ನು ಆ ವರ್ಷದ ಏಪ್ರಿಲ್ 5ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಕಳುಹಿದರು. ಆ ದಿನವನ್ನೇ ನಾವು ಇಂದು ರಾಷ್ಟ್ರೀಯ ನೌಕಾಯಾನದ ದಿನವೆಂದು ಆಚರಿಸುತ್ತಿರುವುದು. ಹಡಗಿನ ಒಡೆತನವು ಭಾರತೀಯರದಾದರೂ ಅದನ್ನು ನಡೆಸುವ ಅಧಿಕಾರಿಗಳನ್ನು ವಿದೇಶದಿಂದಲೇ ತರಬೇಕಾಗಿ ಬಂದುದು ಎಲ್ಲರ ಕಣ್ಣಿಗೂ ಬಿದ್ದಿತು. 1922ರ ಜನವರಿಯಲ್ಲಿ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಭಾರತೀಯರಿಗೆ ಹಡಗಿನ ಅಧಿಕಾರಿಗಳಾಗುವ ಶಿಕ್ಷಣ ದೊರೆಯಬೇಕೆಂದೂ ಭಾರತದ ವಾಣಿಜ್ಯನೌಕಾಬಲವು ಬೆಳೆಯಬೇಕೆಂದೂ ನಿರ್ಣಯವನ್ನು ಮಂಡಿಸಿದರು. ಅದರ ಫಲವಾಗಿ 1923ರಲ್ಲಿ ರಾಯಲ್ ಇಂಡಿಯನ್ ಮರೀನ್ ಇಲಾಖೆಯ ನಿರ್ದೇಶಕನಾಗಿದ್ದ ಕ್ಯಾಪ್ಟನ್ ಹೆಡ್ಲಮ್‌ನ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಮರುವರ್ಷ ತನ್ನ ವರದಿಯನ್ನೊಪ್ಪಿಸಿತು. ಕರಾವಳಿಯ ವ್ಯಾಪಾರವನ್ನು ಕ್ರಮವಾಗಿ ಭಾರತೀಯ ಹಡಗುಗಳಿಗೆ ಮೀಸಲಿಡಬೇಕೆಂಬುದು ಸಮಿತಿಯ ದೊಡ್ಡ ಸೂಚನೆ. ಮುಂಬಯಿಯಲ್ಲಿ ಒಂದು ಶಿಕ್ಷಣನೌಕೆಯನ್ನಿರಿಸಬೇಕೆಂಬುದು ಸಣ್ಣ ಸೂಚನೆ. ಸರ್ಕಾರವು ದೊಡ್ಡದನ್ನು ಬದಿಗಿರಿಸಿ ಸಣ್ಣದನ್ನು ಕೈಗೊಂಡಿತು. ವ್ಯಾಪಾರವನ್ನು ಬಿಟ್ಟುಕೊಡುವುದಕ್ಕಿಂತ ಹುಡುಗರಿಗೆ ಪಾಠ ಹೇಳುವುದು ಅಗ್ಗವೆಂದು ಅದು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಾಗಿ ಆರಿಸಲ್ಪಟ್ಟ ‘ಡಫರಿನ್’ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ಯಾರೋ ಪಟ್ಟಣದಲ್ಲಿ ಕಟ್ಟಲ್ಪಟ್ಟ ಹಡಗು. 1884ರಿಂದ 1888ರ ವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ನನ ಹೆಸರನ್ನು ಹೊತ್ತುಕೊಂಡು ರಾಯಲ್ ಇಂಡಿಯನ್ ಮರೀನಿನ ಸೇನಾವಾಹಕವಾಗಿ ದುಡಿದು, ಸೈನಿಕರನ್ನು ಏರಿಸಿ ಇಳಿಸಿ ಸವೆದು ಹೋಗಿದ್ದಂತಹದು. ಸೈನಿಕರು ಮಲಗುತ್ತಿದ್ದ ಅಂಕಣಗಳು ತರಗತಿಗಳಾದವು. ಮುಂಬಯಿಯ ಮಜಗಾಂವ್ ತೀರದ ಎದುರಿಗೆ ಅದು ನೆಲೆಯಾಗಿ ನಿಂತು, 1927ರ ಡಿಸೆಂಬರ್ ತಿಂಗಳಿನಲ್ಲಿ ಮೊದಲನೆಯ ತಂಡದ ಹುಡುಗರನ್ನು ಬರಮಾಡಿಕೊಂಡಿತು. ಕ್ಯಾಪ್ಟನ್ ಡಿಗ್ಬಿ-ಬೆಸ್ಟ್ ಎಂಬ ಆಂಗ್ಲ ಅಧಿಕಾರಿಯು ಅದರ ಮೊದಲನೆಯ ಕ್ಯಾಪ್ಟನ್ ಸೂಪರಿಂಟೆಂಡೆಂಟ್. ಹಡಗು ಹೊರಟು ಹೋಗುವುದಿಲ್ಲ. ಉಬ್ಬರವಿಳಿತಗಳಿಗೆ ತಕ್ಕಂತೆ ತನ್ನ ಲಂಗರಿನ ಸುತ್ತ ತಿರುಗುತ್ತದೆ, ಅಷ್ಟೆ. ತೇಲುತ್ತಿದ್ದರೂ ತೆರಳದ ಈ ಶಾಲೆಯನ್ನು ಕಂಡು ನಕ್ಕವರೂ ಇದ್ದರು. ಆದರೆ ಭೂಮಿಯಿಂದ ಅದು ಬೇರ್ಪಟ್ಟಿದ್ದಿತೆಂಬುದೇ ಅದರ ಶಿಕ್ಷಣದ ಅರ್ಧ ಭಾಗ. ಮನೆ, ಬೀದಿ, ಅಂಗಡಿ, ನೆಂಟರು ಎಲ್ಲವೂ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದು, ದೋಣಿಯೊಂದು ಬಾರದೆ ಕಾಲಿಗೆ ಎಟುಕದಷ್ಟು ದೂರದಲ್ಲಿದ್ದುವು.

ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಎಣಿಸಿದ ಬೌಧಾಯನ ಧರ್ಮಸೂತ್ರದ ಮಾತಿಗೆ ಇನ್ನೂ ಕೆಲವು ಮನೆಗಳಲ್ಲಿ ಬೆಲೆಯಿದ್ದ ಕಾಲವದು. ವಕೀಲಿಕೆ, ಗುಮಾಸ್ತಗಿರಿಗಳಲ್ಲದೆ ಬೇರೆ ಬಾಳನ್ನು ಕಾಣದ ಕುಟುಂಬಗಳಿಂದ ಬಂದ ಹದಿಹರೆಯದ ಹುಡುಗನು ಹಡಗಿನ ಏಣಿಯನ್ನೇರಿದೊಡನೆ ಬಿಟ್ಟುಕೊಡಬೇಕಾದುದು ಬಹಳ. ಹಾಸಿಗೆ ಮಂಚಗಳ ಬದಲು ಹ್ಯಾಮಕ್ಕೆಂಬ ತೂಗುಹಾಸುಗೆ. ಅದನ್ನು ರಾತ್ರಿ ಕೊಕ್ಕೆಗಳಿಗೆ ಕಟ್ಟುವುದೂ ಬೆಳಗಿನಲ್ಲಿ ಬಿಗಿಯಾಗಿ ಸುತ್ತಿ ಹಗ್ಗ ಬಿಗಿದು ಅದರ ಜಾಗದಲ್ಲಿರಿಸುವುದೂ ಅವನವೇ ಕೆಲಸಗಳು. ಕತ್ತಲಿರುವಾಗಲೇ ಕಹಳೆ ಊದಿದರೆ ಎದ್ದು, ಬರಿಗಾಲಿನಲ್ಲಿ ಸಾಲಾಗಿ ನಿಂತು, ನೀರು ಸುರಿದು ಮರದ ಡೆಕ್ಕನ್ನು ತಿಕ್ಕಿ ತೊಳೆಯುವುದರಿಂದ ದಿನ ಮೊದಲಾಗುತ್ತಿದ್ದಿತು. ಆಮೇಲೆ ಹಿತ್ತಾಳೆಯ ಸಾಮಾನುಗಳನ್ನು ಹೊಳೆಯಿಸುವುದು, ವ್ಯಾಯಾಮ, ಉಪಾಹಾರ, ಧ್ವಜವಂದನೆ, ತಪಾಸಣೆ, ಅನಂತರ ತರಗತಿಗಳು. ಗುಂಡಿ ಕಳಚಿದ ಅಂಗಿಯೂ ಹೊಳಪು ಮಾಸಿದ ಪಾದರಕ್ಷೆಯೂ ಅಪರಾಧಗಳೆನಿಸುತ್ತಿದ್ದುವು. ಇವೆಲ್ಲ ಹೊರಗಿನ ಡೌಲೆಂದು ತೋರಬಹುದು. ಆದರೆ ಹಡಗಿನಲ್ಲಿ ತನ್ನ ಜಾಗದಲ್ಲಿಲ್ಲದ ಹಗ್ಗವೊಂದು ಕತ್ತಲೆಯ ರಾತ್ರಿಯಲ್ಲಿ ಒಬ್ಬನ ಕಾಲನ್ನು ಮುರಿಯಬಲ್ಲುದು, ಸರಿಯಾಗಿ ಮುಚ್ಚದ ಬಾಗಿಲೊಂದು ಹಡಗನ್ನೇ ಮುಳುಗಿಸಬಲ್ಲುದು. ಚೊಕ್ಕಟತನವು ಅಲ್ಲಿ ಸೌಂದರ್ಯದ ವಿಷಯವಲ್ಲ, ಪ್ರಾಣದ ವಿಷಯ.

ಪಾಠಗಳಲ್ಲಿ ಶಾಲೆಯ ಗಣಿತ, ಇಂಗ್ಲಿಷ್, ವಿಜ್ಞಾನ, ಭೂಗೋಳಗಳೊಡನೆ ನೌಕಾವಿದ್ಯೆಯೂ ಬೆರೆತು ಬರುತ್ತಿದ್ದಿತು. ದಿಕ್ಸೂಚಿಯ ಮೂವತ್ತೆರಡು ಬಿಂದುಗಳನ್ನು ಬಲಕ್ಕೂ ಎಡಕ್ಕೂ ತಡವರಿಸದೆ ಹೇಳುವುದು. ಹಗ್ಗಗಳಿಗೆ ಬಗೆಬಗೆಯ ಗಂಟುಗಳನ್ನು ಹಾಕುವುದು, ಎರಡು ಹಗ್ಗಗಳ ಎಳೆಗಳನ್ನು ಬಿಚ್ಚಿ ಹೆಣೆದು ಒಂದನ್ನಾಗಿ ಮಾಡುವುದು. ಬಾವುಟಗಳಿಂದಲೂ ದೀಪದ ಮಿನುಗಿನಿಂದಲೂ ದೂರದ ಹಡಗಿನೊಡನೆ ಸಂಭಾಷಿಸುವುದು. ಸೀಸದ ಗುಂಡನ್ನು ಕಟ್ಟಿದ ದಾರವನ್ನು ಬೀಸಿ ಎಸೆದು ಆಳವನ್ನು ತಿಳಿಯುವುದಲ್ಲದೆ, ಆ ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿ ಬಂದ ಮರಳು ಕೆಸರುಗಳನ್ನು ನೋಡಿ ಸಮುದ್ರದ ನೆಲದ ಗುಣವನ್ನು ಹೇಳುವುದು. ಸೆಕ್ಸ್‌ಟೆಂಟಿನಿಂದ ಸೂರ್ಯನ ಎತ್ತರವನ್ನಳೆದು ತಾನಿರುವ ಅಕ್ಷಾಂಶವನ್ನು ಲೆಕ್ಕ ಹಾಕುವುದು. ಕಾಲವನ್ನು ಗಂಟೆಯ ನಾದದಿಂದ ಅಳೆಯಬೇಕು. ನಾಲ್ಕು ಗಂಟೆಗಳ ಒಂದೊಂದು ಪಹರೆಯಲ್ಲಿ ಅರ್ಧ ಗಂಟೆಗೊಂದರಂತೆ ಹೊಡೆತವು ಹೆಚ್ಚುತ್ತ ಎಂಟಕ್ಕೆ ಮುಟ್ಟಿದರೆ ಪಹರೆ ಬದಲಾಗುತ್ತದೆ. ಊರಿನ ತಾಂಡೇಲನು ಕಣ್ಣಂದಾಜಿನಿಂದ ಅರಿಯುತ್ತಿದ್ದುದನ್ನೇ ಈ ಹುಡುಗನು ಅಂಕೆಯಿಂದಲೂ ಯಂತ್ರದಿಂದಲೂ ಅರಿಯುತ್ತಿದ್ದನು. ವ್ಯತ್ಯಾಸವಿಷ್ಟೆ, ಇವನ ಅರಿವಿಗೆ ಸರ್ಕಾರದ ಮುದ್ರೆಯಿದ್ದಿತು.

ಆದರೆ ಇವೆಲ್ಲವನ್ನೂ ದಡದ ಮೇಲಣ ಶಾಲೆಯಲ್ಲಿಯೂ ಬಹುಮಟ್ಟಿಗೆ ಕಲಿಸಬಹುದು. ಶಿಕ್ಷಣನೌಕೆಯ ವಿಶೇಷವಿದ್ದುದು ಬೇರೆಡೆಯಲ್ಲಿ. ಹುಡುಗರ ಆಡಳಿತದ ಬಹುಭಾಗವನ್ನು ಹುಡುಗರ ಕೈಗೇ ಒಪ್ಪಿಸುವುದರಲ್ಲಿ. ಹಿರಿಯ ತಂಡದವರಲ್ಲಿ ಕೆಲವರನ್ನು ಆರಿಸಿ ಕೆಡೆಟ್ ಕ್ಯಾಪ್ಟನ್ನರೆಂದು ಮಾಡಿ, ಅವರೆಲ್ಲರ ಮೇಲೆ ಒಬ್ಬ ಚೀಫ್ ಕೆಡೆಟ್ ಕ್ಯಾಪ್ಟನ್ನನನ್ನಿರಿಸಲಾಗುತ್ತಿದ್ದಿತು. ತನ್ನ ವಿಭಾಗದ ಹುಡುಗರು ಹೊತ್ತಿಗೆ ಸರಿಯಾಗಿ ಎದ್ದರೇ, ಅವರ ಬಟ್ಟೆಬರೆಗಳು ಶುಚಿಯಾಗಿವೆಯೇ, ಹೊಸಬನೊಬ್ಬನು ಮನೆಯ ನೆನಪಿನಿಂದ ಊಟ ಬಿಟ್ಟಿದ್ದಾನೆಯೇ, ಮಲಗುವ ಅಂಕಣದಲ್ಲಿ ಜಗಳವೇನಾದರೂ ಹೊಗೆಯಾಡುತ್ತಿದೆಯೇ ಎಂಬುದೆಲ್ಲ ಕೆಡೆಟ್ ಕ್ಯಾಪ್ಟನ್ನನ ಚಿಂತೆ. ತಪ್ಪು ನಡೆದರೆ ಮಾಡಿದವನಿಗಿಂತ ಮೊದಲು ಉತ್ತರ ಹೇಳತಕ್ಕವನು ಇವನು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯೋಗ್ಯನಾದ ಮೇಲೆ ಅಧಿಕಾರವನ್ನು ಕೊಡುವುದು ಲೋಕರೂಢಿ. ಅಧಿಕಾರವನ್ನು ಕೊಟ್ಟು ಯೋಗ್ಯನನ್ನಾಗಿ ಮಾಡುವುದು ಈ ಪದ್ಧತಿಯ ರೀತಿ. ಕೊಡುವುದು ಅಲ್ಪಾಧಿಕಾರ, ಅದರಿಂದ ತಪ್ಪಾದರೆ ಆಗುವ ಹಾನಿಯೂ ಅಲ್ಪ. ಆದರೆ ಅದರ ಜೊತೆಗೆ ಬರುವ ಬಾಧ್ಯತೆ ಮಾತ್ರ ಅಲ್ಪವಲ್ಲ, ಪೂರ್ಣ.

ಈ ತತ್ತ್ವವು ಅತ್ಯಂತ ಸ್ಪಷ್ಟವಾಗಿ ಕಾಣುತ್ತಿದ್ದುದು ದೋಣಿಯ ಕೆಲಸದಲ್ಲಿ. ಹಡಗಿನಿಂದ ದಡಕ್ಕೂ ದಡದಿಂದ ಹಡಗಿಗೂ ಜನವನ್ನೂ ಸಾಮಾನನ್ನೂ ಒಯ್ಯಬೇಕು. ಅದಕ್ಕೆ ಹುಟ್ಟು ಹಾಕುವವರೂ ಹುಡುಗರೇ, ಚುಕ್ಕಾಣಿ ಹಿಡಿಯುವವನೂ ಹುಡುಗನೇ. ಮುಂಬಯಿಯ ಬಂದರು ನೋಡುವುದಕ್ಕೆ ಶಾಂತವಾಗಿದ್ದರೂ ಅದರ ಉಬ್ಬರವಿಳಿತಗಳ ಸೆಳೆತ ಬಲವಾದುದು. ಮಳೆಗಾಲದ ನೈಋತ್ಯದ ಗಾಳಿಯು ಎದ್ದಾಗಲಂತೂ ಘಾರಾಪುರಿಯ ದ್ವೀಪದಿಂದ ಈಚೆಗೆ ನೀರೆಲ್ಲ ಕಲಕಿ ನಿಲ್ಲುತ್ತದೆ. ಚುಕ್ಕಾಣಿಯ ಹುಡುಗನು ಹಡಗಿನ ಏಣಿಯನ್ನು ನೇರವಾಗಿ ಗುರಿಯಿಟ್ಟರೆ ಸೆಳೆತವು ದೋಣಿಯನ್ನು ಅದರಾಚೆಗೆ ಕೊಂಡೊಯ್ಯುತ್ತದೆ. ಆದುದರಿಂದ ಎಷ್ಟು ಮೇಲಕ್ಕೆ ಗುರಿಯಿಡಬೇಕು, ಹುಟ್ಟುಗಳನ್ನು ಯಾವ ಕ್ಷಣದಲ್ಲಿ ನಿಲ್ಲಿಸಬೇಕು, ಯಾವ ಕ್ಷಣದಲ್ಲಿ ಹಿಂದಕ್ಕೊತ್ತಬೇಕು ಎಂಬುದನ್ನೆಲ್ಲ ಅವನೊಬ್ಬನೇ ನಿರ್ಣಯಿಸಬೇಕು. ಹುಟ್ಟು ಹಾಕುವವರು ಅವನಿಗೆ ಅಭಿಮುಖವಾಗಿ ಕುಳಿತಿರುತ್ತಾರೆ. ದೋಣಿ ಹೋಗುವ ದಿಕ್ಕು ಅವರ ಬೆನ್ನ ಹಿಂದಿದೆ. ಮುಂದೇನಿದೆಯೆಂಬುದನ್ನು ಅವರು ಕಾಣರು, ಕಾಣುವುದು ಅವನ ಮುಖ ಮಾತ್ರ. ಆ ಮುಖದಲ್ಲಿ ಗಾಬರಿ ಮೂಡಿತೆಂದರೆ ಹುಟ್ಟುಗಳ ತಾಳ ತಪ್ಪಿತು. ಅವನ ನಿರ್ಣಯ ತಪ್ಪಾದರೆ ದೋಣಿಯು ಹಡಗಿನ ಪಕ್ಕಕ್ಕೆ ಬಡಿದು ಸದ್ದಾಗುತ್ತದೆ, ಮೇಲೆ ನಿಂತು ನೋಡುವ ಇಡೀ ನೌಕೆಗೆ ಅದು ಗೊತ್ತಾಗುತ್ತದೆ, ಗುರುಗಳು ಬೈಯಬೇಕಾಗಿಲ್ಲ. ನಾಯಕತ್ವವನ್ನು ಕುರಿತು ನೂರು ಉಪನ್ಯಾಸಗಳನ್ನು ಕೇಳಿದರೂ ದೊರೆಯದ ವಿನಯವೂ ಧೈರ್ಯವೂ ಹೀಗೆ ಹತ್ತು ಸಲ ದೋಣಿಯನ್ನು ಏಣಿಗೆ ತಂದು ನಿಲ್ಲಿಸುವುದರಲ್ಲಿ ದೊರೆಯುತ್ತಿದ್ದುವು.

ಇದರ ಕಪ್ಪು ಮುಖವನ್ನೂ ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾಗುತ್ತದೆ. ಹಿರಿಯ ವಿದ್ಯಾರ್ಥಿಗೆ ಕಿರಿಯನ ಮೇಲೆ ಅಧಿಕಾರವನ್ನು ಕೊಡುವ ಏರ್ಪಾಟು ಇಂಗ್ಲೆಂಡಿನ ವಸತಿಶಾಲೆಗಳಲ್ಲಿಯೂ ಶಿಕ್ಷಣನೌಕೆಗಳಲ್ಲಿಯೂ ಎಷ್ಟೋ ಸಲ ಕ್ರೌರ್ಯಕ್ಕೆ ದಾರಿ ಮಾಡಿಕೊಟ್ಟಿದೆ; ಅದೇ ಬಗೆಯ ಏರ್ಪಾಟಿದ್ದ ನಮ್ಮ ದೇಶದ ವಸತಿಸಂಸ್ಥೆಗಳೂ ಆ ರೋಗದಿಂದ ಮುಕ್ತವಾಗಿರಲಿಲ್ಲ. ‘ನಾನು ಅನುಭವಿಸಿದೆ, ಆದುದರಿಂದ ನೀನೂ ಅನುಭವಿಸು’ ಎಂಬುದಕ್ಕೆ ಶಿಸ್ತೆಂಬ ಗೌರವದ ಹೆಸರು ಬಹುಕಾಲ ಸಲ್ಲುತ್ತಿದ್ದಿತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ರಾಘವನ್ ಸಮಿತಿಯು 2007ರಲ್ಲಿ ರ‍್ಯಾಗಿಂಗನ್ನು ವಿಚಾರಣೆಗೊಳಪಡಿಸಿ, 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಟ್ಟುನಿಟ್ಟಾದ ನಿಯಮಗಳು ಬರುವ ವರೆಗೆ, ಕಿರಿಯನಾದವನಿಗೆ ದೂರು ಹೇಳಿಕೊಳ್ಳುವ ದಾರಿ ಸುಗಮವಾಗಿರಲಿಲ್ಲ. ಆದರೆ ಈ ದೋಷವು ಪದ್ಧತಿಯ ಮೂಲತತ್ತ್ವದಿಂದ ಹುಟ್ಟಿದುದಲ್ಲ, ಅದರ ಅರ್ಧವನ್ನು ಮರೆತುದರಿಂದ ಹುಟ್ಟಿದುದು. ಆಜ್ಞೆ ಮಾಡುವವನು ಉತ್ತರ ಹೇಳಬೇಕಾದವನೂ ಆಗಿದ್ದಾಗ ಅವನು ನಾಯಕ; ಉತ್ತರ ಹೇಳಬೇಕಾದ ಭಾರವು ತಪ್ಪಿದೊಡನೆ ಅದೇ ಹುಡುಗನು ಪೀಡಕ.

ಮೊದಲನೆಯ ತಂಡಗಳು ಶಿಕ್ಷಣವನ್ನು ಮುಗಿಸಿ ಹೊರಬಂದಾಗ ಹಳೆಯ ಚಕ್ರವ್ಯೂಹವು ಬೇರೊಂದು ರೂಪದಲ್ಲಿ ಎದುರಾಯಿತು. ಅಧಿಕಾರಿಗಳಾಗತಕ್ಕ ಹುಡುಗರು ಸಿದ್ಧರಾದರು. ಅವರನ್ನು ಸೇರಿಸಿಕೊಳ್ಳತಕ್ಕ ಹಡಗುಗಳೆಲ್ಲಿ? ಬ್ರಿಟಿಷ್ ಕಂಪನಿಗಳು ಹಿಂದೆಗೆದುವು. ಮನಸ್ಸಿದ್ದ ಸಿಂಧಿಯಾ ಕಂಪನಿಗೆ ಬಲವಿರಲಿಲ್ಲ. 1923ರಲ್ಲಿ ಬ್ರಿಟಿಷ್ ಇಂಡಿಯಾ ಎಂಬ ಆಂಗ್ಲ ಹಡಗು ಕಂಪನಿಯೊಡನೆ ಮಾಡಿಕೊಳ್ಳಬೇಕಾಗಿ ಬಂದ ಒಪ್ಪಂದದ ಮೇರೆಗೆ ಸಿಂಧಿಯಾದ ಹಡಗುಗಳೆಲ್ಲ ಸೇರಿ 75,000 ಟನ್ನುಗಳನ್ನು ಮೀರಕೂಡದಾಗಿದ್ದಿತು, ಕರಾವಳಿಯನ್ನು ಬಿಟ್ಟು ದೂರ ಹೋಗಕೂಡದಾಗಿದ್ದಿತು. ಕರಾವಳಿಯ ವ್ಯಾಪಾರವನ್ನು ಮೀಸಲಿಡಬೇಕೆಂದು 1928ರಲ್ಲಿ ಸಾರಾಭಾಯಿ ನೇಮಚಂದ್ ಹಾಜಿಯವರು ಶಾಸನಸಭೆಯಲ್ಲಿ ತಂದ ಮಸೂದೆಯೂ ಕಾನೂನಾಗಲಿಲ್ಲ. ಹೀಗಿದ್ದೂ ಸಿಂಧಿಯಾ ಕಂಪನಿಯು ತನ್ನ ಹಡಗುಗಳಲ್ಲಿ ಡಫರಿನ್ನಿನ ಹುಡುಗರಿಗೆ ಸ್ಥಳ ಮಾಡಿಕೊಟ್ಟಿತು. ಇನ್ನು ಕೆಲವರು ಬಂದರುಗಳ ಕೆಲಸಕ್ಕೂ ನದಿಯ ಮಾರ್ಗದರ್ಶನದ ಕೆಲಸಕ್ಕೂ ನೌಕಾಸೈನ್ಯಕ್ಕೂ ಸೇರಿದರು. ಬೇಡವೆಂದ ಬಾಗಿಲುಗಳ ಮುಂದೆ ಕಾಯದೆ ತೆರೆದ ಬಾಗಿಲುಗಳಲ್ಲಿ ನುಗ್ಗಿ, ಅಲ್ಲಿ ಸಿಕ್ಕಿದ ಸಣ್ಣ ಹೊಣೆಯನ್ನೇ ದೊಡ್ಡದನ್ನಾಗಿ ಮಾಡಿಕೊಂಡ ತಲೆಮಾರು ಅದು.

ಈ ಮಾತಿಗೆ ರಾಮದಾಸ ಕಟಾರಿಯವರ ಬಾಳೇ ಸಾಕ್ಷಿ. ಚೆಂಗಲ್ಪಟ್ಟಿನಲ್ಲಿ ಹುಟ್ಟಿ ಡಫರಿನ್ನಿನ ಮೊದಲನೆಯ ತಂಡವನ್ನು ಸೇರಿದ್ದ ಅವರು, ಕಲ್ಕತ್ತೆಯಲ್ಲಿ ಹೂಗ್ಲಿ ನದಿಯ ಮೋಜಣಿಯ ಇಲಾಖೆಯಲ್ಲಿ ಕೆಲಸ ಮಾಡಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ನೌಕಾಸೈನ್ಯದ ಸ್ವಯಂಸೇವಕ ಮೀಸಲುಪಡೆಯನ್ನು ಹೊಕ್ಕವರು. ಕೆಸರು ಮರಳುಗಳ ದಿಬ್ಬಗಳು ದಿನದಿನಕ್ಕೂ ಸ್ಥಳ ಬದಲಿಸುವ ಆ ನದಿಯ ಆಳವನ್ನು ಅಳೆಯುತ್ತಿದ್ದ ಅವರು 1958ರ ಏಪ್ರಿಲಿನಲ್ಲಿ ಭಾರತೀಯ ನೌಕಾಸೈನ್ಯದ ಮುಖ್ಯಸ್ಥರಾದ ಮೊದಲನೆಯ ಭಾರತೀಯರೆನಿಸಿದರು. ಸ್ವಾತಂತ್ರ್ಯ ಬಂದು ಹತ್ತು ವರ್ಷಗಳು ಕಳೆದ ಮೇಲೂ ಆ ಪದವಿಯಲ್ಲಿ ಆಂಗ್ಲರೇ ಇದ್ದರೆಂಬುದನ್ನು ನೆನೆದರೆ, ಆಜ್ಞಾಧಿಕಾರದ ಅನುಭವವಿಲ್ಲವೆಂಬ ಹಳೆಯ ವಾದವು ಎಷ್ಟು ಕಾಲ ಬಾಳಿತೆಂಬುದು ತಿಳಿಯುತ್ತದೆ. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಅಂಗವಾಗಿ ನಮ್ಮ ಕಾರವಾರದೆದುರಿನ ಅಂಜುದೀವ ದ್ವೀಪಕ್ಕೆ ‘ತ್ರಿಶೂಲ’ ನೌಕೆಯ ನಾವಿಕರು ‘ಮೈಸೂರು’ ನೌಕೆಯ ಬೆಂಬಲದೊಡನೆ ಇಳಿದು, ಏಳು ಮಂದಿಯನ್ನು ಕಳೆದುಕೊಂಡು ಅದನ್ನು ಬಿಡಿಸಿದಾಗ ನೌಕಾಸೈನ್ಯದ ಚುಕ್ಕಾಣಿಯಿದ್ದುದು ಅವರ ಕೈಯಲ್ಲಿಯೇ.

ಸ್ವಾತಂತ್ರ್ಯಾನಂತರದಲ್ಲಿ ಕೆಲಸ ಹಲವು ಕವಲುಗಳಾಗಿ ಒಡೆಯಿತು. 1935ರಿಂದ ಡಫರಿನ್ನಿನಲ್ಲಿಯೇ ನಡೆಯುತ್ತಿದ್ದ ಯಂತ್ರವಿದ್ಯೆಯ ಶಿಕ್ಷಣವನ್ನು ಅಲ್ಲಿಂದ ಬೇರ್ಪಡಿಸಿ 1949ರ ಹೊತ್ತಿಗೆ ಕಲ್ಕತ್ತೆಯಲ್ಲಿ ಪ್ರತ್ಯೇಕ ಕಾಲೇಜನ್ನು ನೆಲೆಗೊಳಿಸಲಾಯಿತು. ಯೋಗ್ಯತಾಪರೀಕ್ಷೆಗಳಿಗೆ ಓದುವ ಅಧಿಕಾರಿಗಳಿಗಾಗಿ 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ನಾಟಿಕಲ್ ಅಂಡ್ ಇಂಜಿನಿಯರಿಂಗ್ ಕಾಲೇಜು ಮುಂದೆ ಲಾಲ್ ಬಹಾದುರ್ ಶಾಸ್ತ್ರಿಯವರ ಹೆಸರನ್ನು ತಾಳಿತು. ಖಲಾಸಿಗಳಿಗೂ ಶಿಕ್ಷಣ ಬೇಕೆಂದು ‘ಭದ್ರಾ’, ‘ಮೇಖಲಾ’, ‘ನೌಲಕ್ಷಿ’ ಎಂಬ ಮೂರು ನೌಕೆಗಳು ಕಲ್ಕತ್ತೆ, ವಿಶಾಖಪಟ್ಟಣ, ನವಲಖಿಗಳಲ್ಲಿ ನಿಂತುವು. 1948ರ ಮಾರ್ಚಿನಲ್ಲಿ ಜವಾಹರಲಾಲ್ ನೆಹರೂ ಅವರು ವಿಶಾಖಪಟ್ಟಣದಲ್ಲಿ ನೀರಿಗಿಳಿಸಿದ ಸಿಂಧಿಯಾ ಕಂಪನಿಯ ‘ಜಲ ಉಷಾ’ದಿಂದ ಮೊದಲುಗೊಂಡು ದೇಶದ ಹಡಗುಗಳು ಬೆಳೆದುವು, 1961ರ ಅಕ್ಟೋಬರ್ 2ರಂದು ಭಾರತೀಯ ನೌಕಾಯಾನ ನಿಗಮವು ಹುಟ್ಟಿತು, ಡಫರಿನ್ನಿನಿಂದ ಹೊರಬಂದವನಿಗೆ ಹಡಗಿಲ್ಲವೆಂಬ ಕೊರತೆ ಒಂದು ಕಾಲಕ್ಕೆ ನೀಗಿದಂತಾಯಿತು. ಹಳೆಯ ನೌಕೆ ಮಾತ್ರ ಮುಪ್ಪಾಯಿತು. 1972ರಲ್ಲಿ ಅದು ನಿವೃತ್ತವಾಗಿ ‘ರಾಜೇಂದ್ರ’ ಎಂಬ ನೌಕೆ ಅದರ ಜಾಗಕ್ಕೆ ಬಂದಿತು. ವೈಸರಾಯನ ಹೆಸರು ಹೋಗಿ, ಸಮುದ್ರವನ್ನು ದಾಟಿ ಶ್ರೀವಿಜಯದ ಮೇಲೆ ದಂಡೆತ್ತಿ ಹೋದ ಚೋಳ ಚಕ್ರವರ್ತಿಯ ಹೆಸರು ನಿಂತುದು ಆ ಕಾಲಕ್ಕೆ ತಕ್ಕುದೇ ಆಗಿದ್ದಿತು. 1993ರಲ್ಲಿ ಹಡಗಿನ ಶಾಲೆಯ ಯುಗವೇ ಮುಗಿದು, ನವಿ ಮುಂಬಯಿಯ ನೆರೂಳಿನಲ್ಲಿ ‘ಚಾಣಕ್ಯ’ವೆಂಬ ಸಂಸ್ಥೆ ನೆಲದ ಮೇಲೆ ಎದ್ದಿತು, 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾನಿಲಯಕ್ಕೆ ಅದು ಸೇರಿತು. ಹೆಸರಿನ ಮುಂದೆ ಶಿಕ್ಷಣನೌಕೆಯೆಂಬ ಬಿರುದು ಉಳಿದಿದೆ, ಕೆಳಗೆ ನೀರಿಲ್ಲ.

ನೆಲಕ್ಕೆ ಬಂದುದರಿಂದ ಲಾಭವೂ ಆಯಿತು. ಪ್ರಯೋಗಶಾಲೆಗಳಿಗೂ ಗ್ರಂಥಾಲಯಕ್ಕೂ ಆಟದ ಬಯಲಿಗೂ ಸ್ಥಳ ದೊರೆಯಿತು. ಹೆಚ್ಚು ಮಂದಿಗೆ ಓದುವ ಅವಕಾಶವಾಯಿತು. ಸಮುದ್ರದಲ್ಲಿ ಸಂಭವಿಸಬಹುದಾದ ಅಪಘಾತಗಳನ್ನು ಕೋಣೆಯೊಳಗಣ ತೆರೆಯ ಮೇಲೆ ಸೃಷ್ಟಿಸಿ ವಿದ್ಯಾರ್ಥಿಯ ವಿವೇಕವನ್ನು ಪರೀಕ್ಷಿಸುವ ಯಂತ್ರಗಳು ಬಂದುವು. 1967ರಲ್ಲಿ ‘ಟಾರಿ ಕ್ಯಾನಿಯನ್’ ಎಂಬ ತೈಲದ ಹಡಗು ಇಂಗ್ಲೆಂಡಿನ ತೀರದಲ್ಲಿ ಬಂಡೆಗೆ ಬಡಿದುದು ಮೊದಲಾಗಿ, ದೊಡ್ಡ ಅಪಘಾತಗಳಲ್ಲಿ ಎಷ್ಟೋ ಸಲ ಕೆಟ್ಟಿದ್ದುದು ಯಂತ್ರವಲ್ಲ, ಮನುಷ್ಯರ ತೀರ್ಮಾನ ಎಂಬುದು ವಿಚಾರಣೆಗಳಿಂದ ಹೊರಬಿದ್ದಿತು. ನಾವಿಕರ ಶಿಕ್ಷಣವನ್ನು ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರಲ್ಲಿ ಮನಿಲಾ ನಗರದಲ್ಲಿ ಆದ ತಿದ್ದುಪಡಿಗಳು, ನಾಯಕತ್ವವನ್ನೂ ಸಂಘಕಾರ್ಯವನ್ನೂ ಪ್ರತಿಯೊಬ್ಬ ಅಧಿಕಾರಿಯೂ ಪಡೆಯಲೇಬೇಕಾದ ಯೋಗ್ಯತೆಗಳನ್ನಾಗಿ ಮಾಡಿದುವು. ಕಿರಿಯ ಅಧಿಕಾರಿಯು ಹಿರಿಯನ ತಪ್ಪನ್ನು ಕಂಡಾಗ ಸುಮ್ಮನಿರಕೂಡದು, ಹಿರಿಯನು ಅದನ್ನು ಕೇಳಿಸಿಕೊಳ್ಳದಿರಕೂಡದು ಎಂಬುದು ಈ ಹೊಸ ಶಿಕ್ಷಣದ ಸಾರ. ಬರಿಯ ವಿಧೇಯತೆಯನ್ನು ಮೊದಲನೆಯ ಪಾಠವನ್ನಾಗಿ ಹೇಳುತ್ತಿದ್ದ ಹಳೆಯ ನೌಕೆಗೆ ಇಷ್ಟನ್ನು ಅದರ ಮೊಮ್ಮಕ್ಕಳು ಕಲಿಸಬೇಕಾಯಿತು.

ಯಾರು ಆಜ್ಞೆ ಮಾಡಬಲ್ಲರೆಂಬ ಪ್ರಶ್ನೆಯೂ ಮತ್ತೊಮ್ಮೆ ಎದ್ದಿತು. ಒಂದು ಕಾಲದಲ್ಲಿ ಭಾರತೀಯನನ್ನು ಕುರಿತು ಕೇಳಲಾಗುತ್ತಿದ್ದ ಸಂದೇಹವನ್ನೇ, ಅದೇ ಮಾತುಗಳಲ್ಲಿ, ಸ್ತ್ರೀಯರನ್ನು ಕುರಿತು ಕೇಳಲಾಯಿತು. ಅದಕ್ಕೂ ಉತ್ತರ ಬಂದುದು ವಾದದಿಂದಲ್ಲ. ಕಲ್ಕತ್ತೆಯ ಸಾಗರ ಯಂತ್ರವಿದ್ಯಾ ಸಂಸ್ಥೆಯಿಂದ 1999ರಲ್ಲಿ ಸೋನಾಲಿ ಬ್ಯಾನರ್ಜಿಯವರು ಭಾರತದ ಮೊದಲನೆಯ ಸ್ತ್ರೀ ನೌಕಾಯಂತ್ರಾಧಿಕಾರಿಯಾಗಿ ಹೊರಬಂದರು. ರೇಡಿಯೋ ಅಧಿಕಾರಿಯಾಗಿ ವೃತ್ತಿಯನ್ನಾರಂಭಿಸಿದ ಕೇರಳದ ರಾಧಿಕಾ ಮೆನನ್ನರು ಹಡಗಿನ ಕ್ಯಾಪ್ಟನ್ ಆಗಿ, ಬಂಗಾಳಕೊಲ್ಲಿಯ ಬಿರುಗಾಳಿಯಲ್ಲಿ ಸಿಕ್ಕಿದ್ದ ಬೆಸ್ತರನ್ನುಳಿಸಿದುದಕ್ಕಾಗಿ 2016ರಲ್ಲಿ ಅಂತರರಾಷ್ಟ್ರೀಯ ಸಾಗರಸಂಸ್ಥೆಯ ಶೌರ್ಯಪ್ರಶಸ್ತಿಯನ್ನು ಪಡೆದರು.

ಹೀಗೆ ಈ ಚರಿತ್ರೆಯಲ್ಲಿ ಪ್ರತಿಯೊಂದು ತಲೆಮಾರಿಗೂ ಮುಚ್ಚಿದ ಬಾಗಿಲಿನ ಬಗೆ ಬೇರೆ, ಅದನ್ನು ತೆರೆದ ಕೀಲಿ ಒಂದೇ. ಹೊಣೆಯನ್ನು ಹೊರಬಲ್ಲೆವೆಂದು ತೋರಿಸುವುದಕ್ಕೆ ಹೊಣೆಯನ್ನು ಮೊದಲು ಕೊಡಬೇಕು. ಇಂದಿನ ಬಾಗಿಲು ಯಾವುದೆಂದರೆ, ಕಾಲೇಜಿನಲ್ಲಿ ಮೂರು ವರ್ಷ ಓದಿ ಪದವಿಯನ್ನು ಪಡೆದವನಾದರೂ ಹನ್ನೆರಡು ತಿಂಗಳು, ಒಂದೇ ವರ್ಷ ಓದಿ ಡಿಪ್ಲೊಮಾ ಪಡೆದವನಾದರೆ ಹದಿನೆಂಟು ತಿಂಗಳು, ಹಡಗಿನ ಮೇಲೆ ಅಭ್ಯಾಸ ಮಾಡದ ಹೊರತು ಅಧಿಕಾರಿಯ ಪರೀಕ್ಷೆಗೆ ಕೂರುವಂತಿಲ್ಲ. ನಿಯಮವು ಯುಕ್ತವಾದುದೇ. ಆದರೆ ಕಾಲೇಜುಗಳು ಹೆಚ್ಚಿದಷ್ಟು ವೇಗದಲ್ಲಿ ಹಡಗುಗಳ ಮೇಲೆ ಅಭ್ಯರ್ಥಿಗಳ ಸ್ಥಳಗಳು ಹೆಚ್ಚಲಿಲ್ಲವಾದುದರಿಂದ, ಪ್ರಭಾವವಿಲ್ಲದ ಊರುಗಳ ಹುಡುಗರು ಸಮವಸ್ತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕಂಪನಿಗಳ ಕಚೇರಿಗಳನ್ನು ಅಲೆಯುತ್ತಾರೆ. ಸ್ಥಳ ಕೊಡಿಸುತ್ತೇವೆಂದು ಹಣ ಕೀಳುವ ದಲ್ಲಾಳಿಗಳ ಕೈಗೂ ಬೀಳುತ್ತಾರೆ. ಸಾಲ ಮಾಡಿ ಮಗನನ್ನು ಓದಿಸಿದ ಮನೆಯು, ಅನುಭವವಿಲ್ಲದ್ದರಿಂದ ಅವಕಾಶವಿಲ್ಲ, ಅವಕಾಶವಿಲ್ಲದ್ದರಿಂದ ಅನುಭವವಿಲ್ಲ ಎಂಬ ಉತ್ತರವನ್ನು ಕೇಳಬೇಕಾಗಿದೆ. 1927ರಲ್ಲಿ ಈ ಮಾತನ್ನಾಡುತ್ತಿದ್ದವರು ಪರರು. ಈಗ ಆಡುತ್ತಿರುವವರಲ್ಲಿ ನಮ್ಮವರೂ ಇದ್ದಾರೆ.

ನಾಯಕತ್ವದ ಪಠ್ಯವನ್ನು ವಿಸ್ತರಿಸುವುದು ಸುಲಭ, ತರಗತಿಗಳನ್ನು ಕಟ್ಟುವುದೂ ಸುಲಭ. ಡಫರಿನ್ನಿನ ಅನುಭವವು ಹೇಳುವುದು ಬೇರೆ. ತನ್ನ ಕಷ್ಟದ ದಿನಗಳಲ್ಲಿಯೂ ಒಂದು ಸ್ವದೇಶೀ ಕಂಪನಿಯು ಆ ಹುಡುಗರಿಗೆ ಹಡಗಿನಲ್ಲಿ ಜಾಗ ಕೊಟ್ಟಿರದಿದ್ದರೆ ಆ ನೌಕೆಯ ಶಿಸ್ತೂ ಕಹಳೆಯೂ ವ್ಯರ್ಥವಾಗುತ್ತಿದ್ದುವು. ಆದುದರಿಂದ ಕಾಲೇಜೊಂದು ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬಹುದೆಂಬುದನ್ನು ಅದರ ಕಟ್ಟಡದ ವಿಸ್ತಾರದಿಂದ ನಿರ್ಣಯಿಸದೆ, ಅದರ ಬೆನ್ನಿಗೆ ನಿಂತು ಅಭ್ಯಾಸದ ಸ್ಥಳವನ್ನು ಕೊಡಲೊಪ್ಪಿದ ಹಡಗುಗಳ ಸಂಖ್ಯೆಯಿಂದ ನಿರ್ಣಯಿಸುವುದೇ ನ್ಯಾಯ; ಹಾಗೆ ಮಾಡಿದರೆ ಸೇರುವವರ ಸಂಖ್ಯೆ ಕಡಮೆಯಾದೀತು, ಸೇರಿದವರು ಮಾತ್ರ ನಾವಿಕರಾದಾರು.